ನಿಂಬಿಹಣ್ಣಿಗೆ ಬೊಟ್ಟು ಇಡಾಕ ಹೋದ ಡಾಕ್ಟರು

ನಮ್ಮಪ್ಪ ಡಾಕ್ಟರು. ಎಂಥಾ ಡಾಕ್ಟರು ಅಂತ ಕ್ಲಾಸಿನ್ಯಾಗ ಯಾರಾರ ಕೇಳಿದ್ರ, ನಾನು "ಸರ್ಜನ್" ಅಂದು ಬಾಯಿ ಮುಚ್ಚಿಬಿಡ್ತಿದ್ದೆ. ಯಾಕಂದ್ರ ಅಪ್ಪ ನೋಡೋದು ಉಚ್ಚಿ ಹೊಯ್ಯೋ ಜಾಗದ ರೋಗ. ಎಸ್ಸೆಲ್ಸಿ ಹುಡುಗಿಗೆ ಇದಕ್ಕಿಂತ ದೊಡ್ಡ ಕಷ್ಟ ಐತೇನು? ಗೆಳತ್ಯಾರ ಅಪ್ಪಂದಿರೆಲ್ಲ ಲಾರಿ ಮಾಲೀಕರು, ಗಣಿ ಮಾಲೀಕರು. ಒಬ್ಬಾಕಿ ಅಪ್ಪ ಹೋದ ವರ್ಷದ ತನಕ ಕೌಲ್ ಬಜಾರಿನ್ಯಾಗ ಪಂಚರ್ ಹಾಕ್ತಿದ್ದ, ಈಗ ಎದುರು ಮನಿಗೆ ಮೊಸರು ಇಸಗೊಳ್ಳಾಕೂ ಕಾರಿನ್ಯಾಗ ಹೋಗ್ತಿದ್ದ. ನಮ್ಮಪ್ಪ ಮಾತ್ರ ಗಾಂಧಿನಗರದ ಕ್ಲಿನಿಕ್ಕಿನ್ಯಾಗ ಕುಂತು ಮುದುಕರಿಗೆ, "ಉಚ್ಚಿ ಹನಿಹನಿ ಬರ್ತೈತೋ, ಧಾರಿ ಬರ್ತೈತೋ?" ಅಂತ ಕೇಳ್ತಿದ್ದ.

ಅದು ಅದಿರಿನ ಕಾಲ, ಊರ ತುಂಬ ಕೆಂಪು ಧೂಳು. ಬಳ್ಳಾರಿಯೊಳಗ ಬಿಳೇದು ಅಂತ ಉಳಿದಿದ್ದು ಹಲ್ಲು ಮತ್ತ ಮೊಸರು, ಎರಡೇ. ಮೊಸರನ್ನೂ ಮುಚ್ಚಿಡಬೇಕಿತ್ತು. ನಮ್ಮ ಬಿಳೇ ಬೆಕ್ಕು ಕೆಂಪಗಾಗಿ, ಅವ್ವ ಅದನ್ನ ಯಾರದೋ ಬೆಕ್ಕು ಅಂತ ಎರಡು ಸಲ ಓಡಿಸಿದ್ದಳು.

ಅಂಥಾದ್ರಾಗ ಅಪ್ಪಗ ರೋಬೋಟಿನ ಹುಚ್ಚು ಹಿಡೀತು. ಬೆಂಗಳೂರಿನ ದೊಡ್ಡ ಆಸ್ಪತ್ರಿಯೊಂದಕ್ಕ ಹೋಗಿ, ಗುರುಗಳೊಬ್ಬರ ಕೈಕೆಳಗ ರೋಬೋಟಿನ್ಲೆ ಆಪರೇಷನ್ ಮಾಡೋದು ಕಲಿಯಾಕ ಶುರು ಮಾಡಿದ. ನಾನು ಕ್ಲಾಸಿನ್ಯಾಗ, "ನಮ್ಮನಿಗೆ ರೋಬೋಟ್ ಬಂದೈತಿ, ಚಪಾತಿ ಲಟ್ಟಸ್ತೈತಿ" ಅಂತ ಸುದ್ದಿ ಬಿಟ್ಟೆ. ಮೂರು ಮಂದಿ ನೋಡಾಕ ಬಂದೇಬಿಟ್ರು. "ರಿಪೇರಿಗೆ ಹೋಗೈತಿ" ಅಂದೆ.

ಖರೇ ಹೇಳಬೇಕಂದ್ರ ರೋಬೋಟ್ ತಾನಾಗೇ ಏನೂ ಮಾಡಂಗಿಲ್ಲ. ರೋಗಿ ಹೊಟ್ಟಿಗೆ ಐದಾರು ಸಣ್ಣ ತೂತು ಹಾಕಿ, ಅದರಾಗ ಮಷೀನಿನ ಕೈ ಇಳಸ್ತಾರ. ಡಾಕ್ಟರು ನಾಕು ಹೆಜ್ಜಿ ದೂರ ಒಂದು ಡಬ್ಬಿಯೊಳಗ ಮಾರಿ ತೂರಿಸಿ ಕುಂತು ಹಿಡಿಕಿ ತಿರುವಿದ್ರ, ಅಲ್ಲಿ ಒಳಗ ಆ ಕೈ ತಿರುಗತಾವ. ಒಳಗಿನದೆಲ್ಲ ಹತ್ತು ಪಟ್ಟು ದೊಡ್ಡದಾಗಿ ಕಾಣತೈತಿ. ಕೈ ಪಳಗಲಿ ಅಂತ ಅಪ್ಪ ಮನ್ಯಾಗ ಸಣ್ಣ ಇಕ್ಕಳ ಹಿಡಿದು ದ್ರಾಕ್ಷಿ ಸಿಪ್ಪಿ ಸುಲೀತಿದ್ದ. ಆ ವರ್ಷ ನಾವು ಸಿಪ್ಪಿ ಇರೋ ದ್ರಾಕ್ಷಿ ತಿಂದೇ ಇಲ್ಲ. ಅವ್ವ ಅಂದಳು, "ಅಷ್ಟು ಕೈ ಸುಮ್ಮನಿರವಲ್ವು ಅಂದ್ರ ಬೆಳ್ಳುಳ್ಳಿ ಸುಲೀರಿ."

ಅಪ್ಪ ಪ್ರತಿ ಗುರುವಾರ ಸಿರುಗುಪ್ಪಕ್ಕ ರೋಗಿಗಳನ್ನ ನೋಡಾಕ ಹೋಗ್ತಿದ್ದ. ಗುರುವಾರ ನನಗ ಲೆಕ್ಕದ ಟ್ಯೂಷನ್. ಹಂಗಾಗಿ ಟ್ಯೂಷನ್ ಸರ್ ಮುಂದ ನಮ್ಮಜ್ಜಿ ಪ್ರತಿ ಗುರುವಾರ ಸೀರಿಯಸ್ ಆಗ್ತಿದ್ದಳು, ನಾನು ಅಪ್ಪನ ಕಾರು ಹತ್ತತಿದ್ದೆ. ಅಲ್ಲೇ ನಾನು ಉಸ್ತಾದ್‌ನ ನೋಡಿದ್ದು.

ಉಸ್ತಾದ್ ಅಂದ್ರ ಗಣಿಯೊಳಗ ಅದಿರು ಅಗಿಯೋ ದೊಡ್ಡ ಮಷೀನು ನಡಸೋರು. ಅರವತ್ತು ದಾಟಿತ್ತು, ಗಡ್ಡಕ್ಕ ಮೆಹಂದಿ. ಜಿಲ್ಲಾದಾಗ ಅರ್ಧ ಮಂದಿಗೆ ಆ ಮಷೀನು ಕಲಿಸಿದೋರು ಅವರೇ, ಉಳಿದರ್ಧ ಮಂದಿ ಕಲತೀವಿ ಅಂತ ಸುಳ್ಳು ಹೇಳೋರು. ಅವರ ಪ್ರಾಸ್ಟೇಟ್ ಗ್ರಂಥಿಯೊಳಗ, ಅಂದ್ರ ಉಚ್ಚಿ ಚೀಲದ ಬುಡಕ್ಕಿರೋ ಗಡ್ಡಿಯೊಳಗ, ಕ್ಯಾನ್ಸರ್ ಸಿಕ್ಕಿತ್ತು.

ಬಾಗಲ ಹೊರಗ ಬೆಂಚಿನ ಮ್ಯಾಲ ಕುಂತು, ಪುಸ್ತಕ ತಲಿಕೆಳಗ ಹಿಡಿದು, ನಾನು ಕಿವಿ ಒಳಗಿಟ್ಟಿದ್ದೆ.

"ಇನ್ನೂ ಗಡ್ಡಿ ದಾಟಿಲ್ಲ ಉಸ್ತಾದ್. ಈಗ ತೆಗದ್ರ ಹೋಗತೈತಿ. ಬಿಟ್ರ ಎಲುಬಿಗೆ ಇಳಿತೈತಿ" ಅಂದ ಅಪ್ಪ.

"ತೆಗದ್ರ ಉಚ್ಚಿ ಸೋರತೈತಂತ?"

"ಕೆಲವರಿಗೆ ಸೋರತೈತಿ. ಸ್ವಲ್ಪ ದಿನ. ಕೆಲವರಿಗೆ ನಿಲ್ಲಂಗೇ ಇಲ್ಲ. ಸುಳ್ಳು ಹೇಳಂಗಿಲ್ಲ ನಾನು."

"ಹಂಗಾರ ಬ್ಯಾಡ ಸಾಬ್. ಸೀಟು ತೋಯ್ಸೋ ಮುದುಕನ್ನ ಯಾವ ಮಗ ಉಸ್ತಾದ್ ಅಂತಾನ?"

ಅವರ ಹೆಂಡತಿ ಚಾಚಿ ಜೋಡಿ ಬಂದಿದ್ರು. "ಸತ್ತೋನ್ನೂ ಯಾರೂ ಉಸ್ತಾದ್ ಅನ್ನಂಗಿಲ್ಲ, ಮಯ್ಯತ್ ಅಂತಾರ" ಅಂದ್ರು. ನನಗ ಚಾಚಿ ಅವಾಗೇ ಸೇರಿದ್ರು.

ಅಪ್ಪ ರೋಬೋಟಿನ ವಿಷಯ ತಗದ. ಖರ್ಚು ಗಣಿ ಮಾಲೀಕ ತನ್ನ ತಲಿ ಮ್ಯಾಲ ಹಾಕ್ಕೊಂಡಿದ್ದ, ಆ ಚಿಂತಿ ಇದ್ದಿಲ್ಲ. ಸಣ್ಣ ಸಣ್ಣ ನರ ಛಲೋ ಕಾಣತಾವ, ಉಳಿಸಾಕ ಬರ್ತೈತಿ, ತಾನು ಹಿಡಿಕಿ ಹಿಡಿದು ಪೂರಾ ಮಾಡೋ ಮೊದಲನೇ ಆಪರೇಷನ್ ಇದು, ಗುರುಗಳು ಪಕ್ಕದಾಗೇ ಇರ್ತಾರ, ಎಲ್ಲಾ ಬಿಚ್ಚಿ ಹೇಳಿದ. ಉಸ್ತಾದ್ ಗಡ್ಡ ಕೆರಕೊಂಡ್ರು.

"ಅಂದ್ರ ಕ್ಯಾಬಿನ್ನಿನ್ಯಾಗ ಕುಂತು ಹಿಡಿಕಿ ತಿರುವೋದು. ನಮ್ಮ ಕೆಲಸಾನ ಆತು."

"ಹೆಚ್ಚುಕಡಿಮಿ ಹಂಗೇ."

"ಹಂಗಾರ ಬೊಟ್ಟು ಇಡ್ರಿ, ನೋಡೋಣ."

ಬೊಟ್ಟು ಅಂದ್ರ ಗಣಿಯೋರ ಪರೀಕ್ಷಾ. ಹೊಸಬನ್ನ ಮಷೀನಿಗೆ ಕುಂಡ್ರಸೋಕಿಂತ ಮೊದಲು, ಬೋರಲು ಹಾಕಿದ ಡ್ರಮ್ಮಿನ ಮ್ಯಾಲ ಒಂದು ನಿಂಬಿಹಣ್ಣು ಇಡ್ತಾರ. ಮಷೀನಿನ ಅದಿರು ಅಗಿಯೋ ಬಕೆಟ್ಟಿನ ಹಲ್ಲಿಗೆ ಸುಣ್ಣ ಹಚ್ಚತಾರ. ಒಂದೊಂದು ಹಲ್ಲು ನನ್ನ ಮೊಣಕಾಲಷ್ಟು! ಆ ಹಲ್ಲಿನ್ಲೆ ಹಣ್ಣಿಗೆ ಸುಣ್ಣದ ಬೊಟ್ಟು ಇಡಬೇಕು. ಹಣ್ಣು ಉರುಳಬಾರದು, ರಸ ಬರಬಾರದು. ಮೂರು ಸಲ ಅವಕಾಶ. ಉಸ್ತಾದ್ ಬೊಟ್ಟು ಇಡಲಾರದೋನಿಗೆ ತಮ್ಮ ಮಷೀನು ಮುಟ್ಟಾಕ ಬಿಡ್ತಿದ್ದಿಲ್ಲ. ಈಗ ಅವರ ಮಷೀನು ಅಂದ್ರ ಅವರ ಮೈ.

ಬ್ಯಾರೆ ಯಾವ ಡಾಕ್ಟರಾಗಿದ್ರೂ ಹೊರಗ ಹಾಕತಿದ್ರು. ಆದ್ರ ಅಪ್ಪಗ ಗೊತ್ತಿತ್ತು, ಈ ಮನುಷ್ಯಾ ಇವತ್ತು ಎದ್ದು ಹೋದ್ರ ಮುಂದಿನ ಸಲ ಎಲುಬು ನೋವು ಅಂತನ ಬರ್ತಾನ. "ಯಾವತ್ತು ಬರಲಿ?" ಅಂದ.

ಭಾನುವಾರ ಕುರುಗೋಡಿನ ಹತ್ರ ಒಂದು ಅದಿರಿನ ಯಾರ್ಡಿಗೆ ಹೋದ್ವಿ. ಅಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡಿದ್ದ. ಡಾಕ್ಟರು ಬೊಟ್ಟು ಇಡ್ತಾನಂತ ಅಂತ ಸುದ್ದಿ ಹಬ್ಬಿ ಜನ ಸೇರಿದ್ರು. ನಾನು ಎಣಿಸಿದಂಗ ಇಪ್ಪತ್ತು ಮಂದಿ, ಸಾಲಿಯೊಳಗ ಹೇಳೋವಾಗ ಎರಡು ಸಾವಿರ. ಒಬ್ಬಾತ ಒಗ್ಗರಣಿ ಮಿರ್ಚಿ ಪೊಟ್ಟಣ ಕಟ್ಟಿಸಿಕೊಂಡೇ ಬಂದಿದ್ದ, ಸಿನಿಮಾಕ್ಕ ಬಂದಂಗ.

ಮೊದಲನೇ ಸಲ. ಅಪ್ಪ ಹಿಡಿಕಿ ಹಿಂದಕ್ಕ ಎಳದ. ಬಕೆಟ್ಟು ಡ್ರಮ್ಮಿನ ಕಡೆ ಹೋಗೋದು ಬಿಟ್ಟು ನಮ್ಮ ಕಡೆ ತಿರುಗಿತು. ಮಿರ್ಚಿ ತಿನ್ನೋನು ಓಡಿದ ಓಟಕ್ಕ ಮೆಡಲ್ ಕೊಡಬೇಕಿತ್ತು.

ಎರಡನೇ ಸಲ ಹಲ್ಲು ಸರಿಯಾಗಿ ಹಣ್ಣಿನ ಮ್ಯಾಲೇ ಇಳೀತು. ಇಳೀತು, ಇಳೀತು, ಇನ್ನೂ ಇಳೀತು. ಡ್ರಮ್ಮು ಜೋಳದ ರೊಟ್ಟಿ ಆತು. ನಿಂಬಿಹಣ್ಣು ಎಲ್ಲಿ ಹೋತು ಅಂತ ಇವತ್ತಿಗೂ ಗೊತ್ತಿಲ್ಲ.

"ಡಾಕ್ಟ್ರ, ಉಪ್ಪು ಸಕ್ರಿ ತರ್ಲೇನ್ರಿ? ಶರಬತ್ ಮಾಡೋಣು" ಅಂತ ಯಾರೋ ಕೂಗಿದ್ರು. ನಾನು ನಕ್ಕೆ. ಚಾಚಿ ಮಾತ್ರ ನಗಲಿಲ್ಲ. ಅವರು ಸೆರಗು ಬಾಯಿಗೆ ಒತ್ತಿಕೊಂಡು ಗಂಡನ ಮಾರಿ ನೋಡ್ತಿದ್ರು. ಇದು ಆಟ ಅಲ್ಲ ಅಂತ ನನಗ ಅವಾಗ ತಿಳೀತು. ನಗು ಅರ್ಧಕ್ಕ ನಿಂತು, ಬಿಕ್ಕಳಿಕಿ ಶುರುವಾತು.

ಮೂರನೇ ಸಲ. ಹೊಸ ಡ್ರಮ್ಮು, ಹೊಸ ಹಣ್ಣು. ಬಕೆಟ್ಟು ಬಸವನಹುಳದಂಗ ಬಂತು. ಹಣ್ಣಿಗೂ ಹಲ್ಲಿಗೂ ಒಂದು ಗೇಣು ಉಳೀತು. ಅಲ್ಲೇ ನಿಂತಿತು. ಅಪ್ಪ ಎರಡೂ ಕೈ ಹಿಡಿಕಿ ಬಿಟ್ಟು ಮ್ಯಾಲೆತ್ತಿದ.

"ಉಸ್ತಾದ್, ಇಲ್ಲಿಂದ ಮುಂದ ನನಗ ಅಂದಾಜು ಸಿಗವಲ್ದು. ನೀವು ಬರ್ರಿ."

ಎಲ್ಲಾರೂ ಹೋ ಅಂದ್ರು. ಉಸ್ತಾದ್ ಲುಂಗಿ ಎತ್ತಿ ಕಟ್ಟಿ ಕ್ಯಾಬಿನ್ನಿಗೆ ಹತ್ತಿ, ಅಪ್ಪನ ಹೆಗಲ ಮ್ಯಾಲಿಂದ ಕೈ ಹಾಕಿ, ಹಿಡಿಕಿ ಒಂದೇ ಒಂದು ಕೂದಲೆಳಿಯಷ್ಟು ತಳ್ಳಿದ್ರು. ಹಣ್ಣಿನ ನೆತ್ತಿಗೆ ಬಿಳೇ ಬೊಟ್ಟು.

ಅಪ್ಪ ಕೆಳಗಿಳಿದ. ಅಂಗಿ ಬೆವತು ಕೆಂಪಗಾಗಿತ್ತು. "ಫೇಲಾದೆ ಉಸ್ತಾದ್. ಆದ್ರೂ ಆಪರೇಷನ್ ಮಾಡಿಸ್ಕೋರಿ. ನನ್ನ ಹತ್ರ ಬ್ಯಾಡ ಅಂದ್ರ ಬ್ಯಾರೆಯವರಿಗೆ ಚೀಟಿ ಬರ್ಕೊಡ್ತೀನಿ."

"ಪಾಸಾದೋರನ್ನ ಭಾಳ ನೋಡೀನಿ ಸಾಬ್. ಗುಡ್ಡದ ಮ್ಯಾಲಿಂದ ಮಷೀನು ಕೆಡವಿದೋರೆಲ್ಲಾ ಪಾಸಾದೋರ. ಮಂದಿ ಮುಂದ ಕೈ ಎತ್ತಿದೋನು ಒಬ್ಬನೂ ಸಿಕ್ಕಿದ್ದಿಲ್ಲ. ಅಲ್ಲಿ ನಿಮ್ಮ ಉಸ್ತಾದ್ ಇರ್ತಾರ?"

"ಇರ್ತಾರ."

"ಅಡಚಣಿ ಆದ್ರ ಕರೀತೀರಿ?"

"ಕರೀತೀನಿ."

"ಹಂಗಾರ ತಾರೀಕು ಹೇಳ್ರಿ."

ಚಾಚಿ ಅಂದ್ರು, "ಇಷ್ಟು ಹೇಳಾಕ ಒಂದು ಡ್ರಮ್ಮು ಹಾಳು ಮಾಡಬೇಕಿತ್ತಾ?"

ಎಸ್ಸೆಲ್ಸಿ ಪರೀಕ್ಷಾ ಮುಗಿದು ನನಗ ರಜಾ ಇತ್ತು, ನಾನೂ ಬೆಂಗಳೂರಿಗೆ ಹೋದೆ. ಆಪರೇಷನ್ ನಾಕು ತಾಸು. ಹೊರಗ ಚಾಚಿ ಕಾಲು ತಾಸಿಗೊಮ್ಮೆ, "ಅವ್ವಿ, ಈಗ ಏನು ಮಾಡ್ತಿರ್ತಾರ ನಿಮ್ಮಪ್ಪ?" ಅಂತ ಕೇಳೋರು. ನಾನು ಎಲ್ಲಾ ಗೊತ್ತಿದ್ದೋಳಂಗ, "ಈಗ ಹೊಲಿಗಿ ಚಾಚಿ" ಅನ್ನೋದು. ಹಿಂಗ ಹದಿನಾರು ಸಲ ಹೊಲಿಗಿ ಹಾಕಿಸಿದೆ.

ಒಳಗ ನಡೆದಿದ್ದು ಅಪ್ಪ ಆಮ್ಯಾಲ ಊಟದ ಮುಂದ ಹೇಳಿದ. ಹಿಡಿಕಿ ಹಿಡಿದ್ರ ಕೈಗೆ ಏನೂ ಹತ್ತಂಗಿಲ್ಲಂತ. ದಾರ ಬಿಗಿ ಆತೋ, ಹರಿಯಾಕ ಬಂತೋ, ಎಲ್ಲಾ ಕಣ್ಣಾಗೇ ನೋಡಿ ತಿಳಕೋಬೇಕು. ಗಡ್ಡಿ ಸುತ್ತ ನರಗಳು ಜೇಡರ ಬಲಿಯಂಗ ಅಂಟಿಕೊಂಡಿದ್ದುವು. ಎಡಗಡೆ ಒಂದು ಕಡೆ ಬಿಡಿಸಾಕ ಬರಲಿಲ್ಲ, ಸ್ವಲ್ಪ ರಕ್ತಾನೂ ಬಂತು. ಅಪ್ಪ ಡಬ್ಬಿಯಿಂದ ಮಾರಿ ಹೊರಗ ತಗದು, "ಸರ್, ಇದೊಂದು ನೀವು ಮಾಡ್ರಿ" ಅಂದ. ಗುರುಗಳು ಹತ್ತು ನಿಮಿಷ ಕುಂತು ಬಿಡಿಸಿ, "ಉಳಿದದ್ದು ನಿಂದು" ಅಂತ ಎದ್ರಂತ.

ಹತ್ತು ದಿನಕ್ಕ, ಉಚ್ಚಿ ಹೋಗಾಕ ಹಾಕಿದ್ದ ನಳಿಗಿ ತಗದ್ರು. ಸೋರಿತು. ಕೆಮ್ಮಿದ್ರ ಸೋರಿತು, ನಕ್ರ ಸೋರಿತು. ಉಸ್ತಾದ್ ನಗೋದು ಬಿಟ್ಟು, ಅಪ್ಪ ಹೇಳಿದ ಬಿಗಿ ಹಿಡಿಯೋ ಕಸರತ್ತು ಹಗಲೆಲ್ಲಾ ಮಾಡಿದ್ರು. ನನ್ನ ಬಾಯಿಗೆ ಅಪ್ಪ ಬೀಗ ಹಾಕಿದ್ದ: "ಅವರ ಮುಂದ ಜೋಕ್ ಹೊಡದೀ, ಹುಷಾರ್!" ನನ್ನ ಜನ್ಮದಾಗ ಅಷ್ಟು ಕಷ್ಟದ ಮೂರು ತಿಂಗಳು ಬಂದಿಲ್ಲ.

ಮೂರು ತಿಂಗಳಿಗೆ ರಕ್ತದ ರಿಪೋರ್ಟ್ ಬಂತು. ಕ್ಯಾನ್ಸರಿನ ಸುಳಿವು ಇಲ್ಲ. ಅವತ್ತು ಸಂಜಿಗೆ ಗಂಡ ಹೆಂಡತಿ ನಮ್ಮನಿಗೆ ಬಂದ್ರು. ಉಸ್ತಾದ್ ಸಿಹಿ ಡಬ್ಬಿ ಇಟ್ಟು, "ಸಾಬ್, ಆಪರೇಷನ್ ಸೀಡಿ ಐತಂತಲ್ಲ, ಹಾಕ್ರಿ" ಅಂದ್ರು. ಅವ್ವ ಒಳಗ ಎದ್ದು ಹೋದಳು. ನಾನು ಕಂಬದಂಗ ಕುಂತೆ.

ಟೀವಿಯೊಳಗ ತಮ್ಮ ಹೊಟ್ಟಿ ಒಳಗಿನದನ್ನ ನೋಡ್ಕೋತ ಉಸ್ತಾದ್ ಶುರು ಮಾಡಿದ್ರು. "ಇಲ್ಲಿ ಯಾಕ ಎರಡು ಸಲ ಎಳದೀರಿ? ಒಂದೇ ಎಳತ ಸಾಕಿತ್ತು. ಇಲ್ಲಿ ಎಡಗೈ ಸುಮ್ಮನ ಐತಿ, ಪಗಾರ ಯಾಕ ಅದಕ್ಕ?" ಅಪ್ಪ ಪಾಠ ಒಪ್ಪಿಸೋ ಹುಡುಗನಂಗ ಗೋಣು ಹಾಕ್ತಿದ್ದ.

ಎಡಗಡೆ ನರ ಬಂತು. ಮಷೀನಿನ ಕೈ ಎರಡೂ ನಿಂತು ಬಿಟ್ವು. ಆಮ್ಯಾಲ ಬ್ಯಾರೆ ನಮೂನಿ ಮೆತ್ತಗ ಆಡಾಕ ಹತ್ತಿದ್ವು.

"ಇದು ನಿಮ್ಮ ಉಸ್ತಾದ್ ಕೈ" ಅಂದ್ರು.

"ಹೌದು."

ಮುಂದ ಅವರು ಏನೂ ತಪ್ಪು ಹಿಡಿಯಲಿಲ್ಲ. ಕಡೀ ಹೊಲಿಗಿ ತನಕ ನೋಡಿ, ಎದ್ದು ಚಪ್ಪಲಿ ಮೆಟ್ಟಿಕೊಂಡ್ರು. ಅವರು ಎದ್ದ ಕೂಡಲೇ ನಾನು ಕುರ್ಚಿ ದಿಂಬು ನೋಡಿದೆ, ಸುಳ್ಳು ಯಾಕ ಹೇಳಲಿ. ಒಣಗೇ ಇತ್ತು.

ನಾನು ನೋಡಿದ್ದನ್ನ ಅವರೂ ನೋಡಿದ್ರು. "ಏನವ್ವಿ, ಚೆಕಿಂಗ್ ಆತಾ?" ಅಂತ ಹೊಟ್ಟಿ ಹಿಡಕೊಂಡು ನಕ್ಕರು, ಮೂರು ತಿಂಗಳ ಬಾಕಿ ಎಲ್ಲಾ ಸೇರಿಸಿ. ಆಮ್ಯಾಲ ಚಾಚಿ ಕಡೆ ತಿರುಗಿ, "ನಡಿ, ನಾಳಿ ಮುಂಜಾನಿ ಡ್ಯೂಟಿ ಐತಿ" ಅಂದ್ರು.