ಹೌಎವರ್, ಡ್ಯಾಮಿನಲ್ಲಿ ನೀರಿದೆ

ಮೂಡಲಗಿಯ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಹೆಸರಿಗಷ್ಟೇ ಅತಿಥಿ, ಚಹಾ ಕೂಡ ನಾವೇ ತರಿಸಿಕೊಳ್ಳಬೇಕು. ಹುಕ್ಕೇರಿಯ ಮನೆಯಿಂದ ಗೋಕಾಕಕ್ಕೆ ಒಂದು ಬಸ್ಸು, ಅಲ್ಲಿಂದ ಮೂಡಲಗಿಗೆ ಇನ್ನೊಂದು. ಹಾಗಾಗಿ ಹುಕ್ಕೇರಿಯಲ್ಲೇ ಒಂದು ಖಾಸಗಿ ಕಾಲೇಜು ಇಂಗ್ಲಿಷಿಗೆ ಕಾಯಂ ಹುದ್ದೆ ಕರೆದಾಗ ಅದು ನನಗೇ ಸಿಗಬೇಕೆಂದು ಹಟ ಹಿಡಿದೆ. ಆಯ್ಕೆಗೆ ಅಲ್ಲೇ ಕೂತು ಒಂದು ಪುಟ ಇಂಗ್ಲಿಷ್ ಬರೆಯಬೇಕಿತ್ತು.

ನನ್ನ ಇಂಗ್ಲಿಷಿನಲ್ಲಿ ವ್ಯಾಕರಣ ತಪ್ಪುತ್ತಿರಲಿಲ್ಲ, ಆದರೆ ಓದಲು ಕುಂಟುತ್ತಿತ್ತು. ಇಂಥ ಕುಂಟು ಇಂಗ್ಲಿಷನ್ನು ಹರಿಸಿಕೊಡುವ ಸರ್ ಒಬ್ಬರು ಗೋಕಾಕದಲ್ಲಿ ಕ್ಲಾಸು ನಡೆಸುತ್ತಿದ್ದರು. ಬಸ್ಸು ಬದಲಿಸುವ ಹೊತ್ತಿನಲ್ಲಿ ಅಲ್ಲಿಗೆ ಹೋಗತೊಡಗಿದೆ.

ಗೋಡೆಯ ಮೇಲೆ ಗೋಕಾಕ ಫಾಲ್ಸಿನ ದೊಡ್ಡ ಫೋಟೋ. ಅದರ ಕೆಳಗೆ ನಿಂತು ಕೈ ಬೀಸುತ್ತ ಸರ್ ಹೇಳುವರು: "ಇಂಗ್ಲಿಷ್ ಹಿಂಗ ಧುಮುಕಬೇಕ್ರಿ! ಒಂದ ವಾಕ್ಯಕ್ಕ ಹೌಎವರ್, ಇನ್ನೊಂದಕ್ಕ ಮೋರ್‌ಓವರ್ ಹಾಕ್ರಿ, ತಾನ ಹರೀತೈತಿ."

ನಮ್ಮ ಮಂದಿಗೆ ಇದೇನು ಕಷ್ಟ? ಮಾತಿಗೊಮ್ಮೆ 'ಮತ್ತ' ಎನ್ನದಿದ್ದರೆ ನಮಗೆ ಉಸಿರೇ ಆಡುವುದಿಲ್ಲ. ಮತ್ತ ಊಟ ಆತ? ಮತ್ತ ಯಾವಾಗ ಬಂದ್ರಿ? ಆ 'ಮತ್ತ'ಗಳಿಗೆಲ್ಲ ಇಂಗ್ಲಿಷ್ ಅಂಗಿ ತೊಡಿಸಿದೆ. ಸರ್ ಭೇಷ್ ಎಂದರು.

ಪರೀಕ್ಷೆಯ ದಿನ ನೋಡಿದರೆ ಮುಂದಿನ ಬೆಂಚಿನಲ್ಲಿ ಸರ್! ಮೇಲ್ವಿಚಾರಣೆಗೆ ಬಂದಿರಬೇಕು ಎಂದುಕೊಂಡೆ. ಅವರೂ ಪೆನ್ನು ತೆಗೆದರು. ವಿಷಯ ಹಿಡಕಲ್ ಡ್ಯಾಮು. ನನ್ನ ಕೈ ನಿಲ್ಲಲೇ ಇಲ್ಲ.

ಸಂದರ್ಶನದಲ್ಲಿ ಕಾಲೇಜಿನ ಅಧ್ಯಕ್ಷರು ನನ್ನ ಪುಟ ಹಿಡಿದಿದ್ದರು. ಕಾಲುವೆ ನೀರಿನಲ್ಲಿ ಕಬ್ಬು ಬೆಳೆಯುವ ಮನುಷ್ಯ. 'ಹಿಡಕಲ್‌ನಲ್ಲಿ ಡ್ಯಾಮು ಇದೆ. ಹೌಎವರ್, ಅದರಲ್ಲಿ ನೀರಿದೆ' ಎಂಬಲ್ಲಿ ಅವರ ಬೆರಳು ನಿಂತಿತು.

"ಮೇಡಮ್, ಡ್ಯಾಮಿನ್ಯಾಗ ನೀರು ಇರಬಾರದಾಗಿತ್ತೇನ್ರಿ?"

ಎಲ್ಲರೂ ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ಅವರು, ಬರೆಯುವುದೆಂದರೆ ಹೀಗೆ ಎಂದು ಇನ್ನೊಂದು ಪುಟ ತೋರಿಸಿದರು. ಸಣ್ಣ ಸಣ್ಣ ವಾಕ್ಯ, ಒಂದರ ಬೆನ್ನಿಗೆ ಒಂದು, ಸರಾಗ. ಒಂದೇ ಒಂದು ಹೌಎವರ್ ಇಲ್ಲ. ಅಕ್ಷರ ಮಾತ್ರ ನಮ್ಮ ಸರ್‌ದು.

ಹುದ್ದೆ ಅವರಿಗೇ ಹೋಯಿತು. ಹೊರಗೆ ಸಿಕ್ಕಾಗ ಸಿಟ್ಟು ತಡೆಯದೆ ಕೇಳಿದೆ: "ಏನ್ರಿ ಸರ್, ನಿಮ್ಮ ಹೌಎವರ್ ಎಲ್ಲಿ ಹೋತು?"

"ಅದು ಕಲಿಸಾಕ ಐತ್ರಿ ಮೇಡಮ್," ಎಂದರು ತಣ್ಣಗೆ, "ಬರಿಯಾಕಲ್ಲ."

ಈಗಲೂ ನಾನು ಮೂಡಲಗಿಯ ಅತಿಥಿಯೇ. ವಿದ್ಯಾರ್ಥಿಗಳು ಸುಮ್ಮಸುಮ್ಮನೆ ಹೌಎವರ್ ಬರೆದರೆ ಕೆಂಪು ಪೆನ್ನಿನಿಂದ ಹೊಡೆದು ಹಾಕುತ್ತೇನೆ. ಸರ್ ಮೋರೆಗೇ ಗೀಚಿದಷ್ಟು ಸುಖ.