ಮೂರನೇ ಮಹಡಿಯ ಕುದುರೆ

ನಮ್ಮತ್ತೆಯ ಜೊತೆ ಜಗಳವಾಡಿ ಗೆದ್ದವರು ಇನ್ನೂ ಹುಟ್ಟಿಲ್ಲ. ಹುಟ್ಟಿದಾಗಿನಿಂದ ಅವರಿಗೆ ಕಿವಿ ಕೇಳುವುದಿಲ್ಲ, ಮಾತೆಲ್ಲ ಕೈಯಲ್ಲೇ. ಸೋಲುತ್ತೇನೆ ಅನ್ನಿಸಿದ ಕೂಡಲೇ ಕಣ್ಣು ಮುಚ್ಚಿಕೊಂಡುಬಿಡುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಎದುರಿಗೆ ನಿಂತು ನೀವು ಎಷ್ಟು ಕೈ ಬೀಸಿದರೂ ಗಾಳಿಗೆ ಗುದ್ದಿದ ಹಾಗೆ. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ನನಗೆ ರೇಗಿಹೋಗಿ, ಅವರ ರೆಪ್ಪೆಯನ್ನು ಬೆರಳಿನಿಂದ ಮೇಲೆತ್ತಿ ನನ್ನ ವಾದ ಮುಗಿಸಿದ್ದೆ. ಆಗ ಅವರು ನಕ್ಕ ನಗು ಪಕ್ಕದ ಮನೆಯವರಿಗೂ ಕೇಳಿಸಿತು. ಆವತ್ತೇ ನನಗೆ ಹೆಸರಿಟ್ಟರು.

ಹೆಸರು ಅಂದರೆ ಕೈಹೆಸರು. ಅತ್ತೆಯ ಬಳಗದಲ್ಲಿ ಪ್ರತಿಯೊಬ್ಬರಿಗೂ ಕೈಯಲ್ಲಿ ಮಾಡಿ ತೋರಿಸುವ ಒಂದು ಹೆಸರಿದೆ. ನನ್ನದು ‘ರೆಪ್ಪೆ’. ನನ್ನ ಗಂಡನದು ‘ಹೊಟ್ಟೆನೋವು’. ಶಾಲೆ ತಪ್ಪಿಸಲು ಚಿಕ್ಕಂದಿನಲ್ಲಿ ಹೇಳುತ್ತಿದ್ದ ನೆಪ ಅದು; ಈಗ ತಲೆ ಅರ್ಧ ಬೋಳಾದರೂ ಬೆನ್ನು ಬಿಟ್ಟಿಲ್ಲ. ಈ ಹೆಸರನ್ನು ಕೇಳಿ ಪಡೆಯುವ ಹಾಗಿಲ್ಲ. ಕೈಯಲ್ಲಿ ಮಾತಾಡದವರಿಗೆ ಹೆಸರಿಲ್ಲ, ಅವರು ಬರೀ ‘ಅವಳ ಅಣ್ಣ’, ‘ಇವನ ಹೆಂಡತಿ’. ಅಂದಹಾಗೆ, ಕೈಮಾತಿನಲ್ಲಿ ನೀನು, ನೀವು ಎಂಬ ಭೇದವೂ ಇಲ್ಲ. ತೋರುಬೆರಳು ಚಾಚಿದರೆ ಆಯಿತು. ಇಲ್ಲಿ ಕಾಣುವ ಮರ್ಯಾದೆಯೆಲ್ಲ ಬರೆಯುವಾಗ ನಾನು ಸೇರಿಸಿದ್ದು.

ಅತ್ತೆ ಅಚ್ಚುಮನೆಯಲ್ಲಿ ಪುಸ್ತಕ ಕಟ್ಟುವ ಕೆಲಸದವರು. ಯಂತ್ರಗಳು ಗಡಗಡ ಅನ್ನುವಾಗ ಉಳಿದವರು ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಕಿರುಚುತ್ತಿದ್ದರೆ, ಅತ್ತೆ ಆ ಗೋಡೆಯಿಂದ ಈ ಗೋಡೆಗೆ ಆರಾಮಾಗಿ ಹರಟುತ್ತಾರೆ. ಗಂಟಲು ಕೆಟ್ಟ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅವರಿಂದ ಕೈಮಾತು ಕಲಿತರು. ಈಗ ಮೇಲ್ವಿಚಾರಕರ ಬೆನ್ನ ಹಿಂದೆ ಅಲ್ಲಿ ನಡೆಯುವ ಸಂಭಾಷಣೆಯನ್ನು ನಾಲ್ಕು ಜನರ ಮುಂದೆ ಹೇಳುವಂತಿಲ್ಲ.

ಆದರೆ ಅವರ ನಿಜವಾದ ಹುಚ್ಚು ಕಥೆ. ಗುರುವಾರ ಕೆಲಸದಿಂದ ಬಂದವರೇ ಉಂಗುರ, ಕೈಗಡಿಯಾರ ತೆಗೆದಿಟ್ಟು, ಕೈ ಎದ್ದು ಕಾಣಲೆಂದು ಕಡುನೀಲಿ ಪರದೆ ಎಳೆದು, ಎದುರಿಗೊಂದು ದೀಪ ಇಟ್ಟುಕೊಂಡು ಒಂದು ಕಂತು ಹೇಳುತ್ತಾರೆ. ಕ್ಯಾಮೆರಾ ನನ್ನದು. ಬೇರೆ ಬೇರೆ ಊರುಗಳಲ್ಲಿ ಚೆದುರಿಹೋಗಿರುವ ಮೂವತ್ತು ಚಿಲ್ಲರೆ ಮನೆಗಳಲ್ಲಿ ಕಿವಿ ಕೇಳದ ಮಕ್ಕಳು ಶನಿವಾರ ಸಂಜೆ ಅದಕ್ಕೇ ಕಾದು ಕೂತಿರುತ್ತವೆ. ಪುಕ್ಕಟೆ ವೀಡಿಯೋ ತಾಣಗಳಿಗೆ ಹಾಕಿದರೆ ಅವು ಹಿಂಡಿ ಹಿಪ್ಪೆ ಮಾಡುತ್ತವೆ. ಅತ್ತೆ ಕೈಗವಸು ಹಾಕಿಕೊಂಡು ಮಾತಾಡಿದ ಹಾಗೆ ಕಾಣುತ್ತದೆ. ಬೆರಳು ಬೆರಳೂ ಕಾಣಬೇಕೆಂದರೆ ಫೈಲು ದೊಡ್ಡದೇ ಆಗಬೇಕು. ಅದಕ್ಕೇ ಈ ಮನೆಗಳವರು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನೇರವಾಗಿ ಹಂಚಿಕೊಳ್ಳುತ್ತಾರೆ. ಫೈಲು ಚೂರುಚೂರಾಗಿ ಹೋಗುತ್ತದೆ, ಸಿಕ್ಕ ಚೂರನ್ನು ಒಬ್ಬರು ಇನ್ನೊಬ್ಬರಿಗೆ ದಾಟಿಸುತ್ತಾರೆ, ಕೊನೆಗೆ ಎಲ್ಲರ ಹತ್ತಿರವೂ ಪೂರ್ತಿ ಇರುತ್ತದೆ. ಅಚ್ಚುಮನೆಯಲ್ಲಿ ಪುಟಗಳ ಮಡಿಕೆಗಳು ಮೇಜಿನಿಂದ ಮೇಜಿಗೆ ಹೋಗಿ ಪುಸ್ತಕವಾಗುವುದನ್ನು ದಿನವೂ ನೋಡುವ ಅತ್ತೆಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ಸಲದ ಕಥೆ ಒಂದು ಕುದುರೆಯದು. ಯಾರೋ ಹೊಡೆಯುತ್ತಾರೆಂದು ಓಡಿಬಂದ ಕುದುರೆಯನ್ನು ಒಬ್ಬಳು ಅಜ್ಜಿ ತನ್ನ ಮೂರನೇ ಮಹಡಿಯ ಮನೆಯಲ್ಲಿ ಬಚ್ಚಿಡುತ್ತಾಳೆ. ಕುದುರೆ ಮೆಟ್ಟಿಲು ಹತ್ತುವುದೇನೋ ಹತ್ತಿತು, ಇಳಿಯಲು ಮಾತ್ರ ಒಪ್ಪದು. ಲಿಫ್ಟಿನೊಳಗೆ ಹಿಡಿಸದು. ಮೆಟ್ಟಿಲ ತುದಿಯಲ್ಲಿ ಬೆವರುತ್ತ ನಿಂತ ಕುದುರೆಯನ್ನು ಅಲ್ಲೇ ಬಿಟ್ಟು ಅತ್ತೆ ಹಿಂದಿನ ಕಂತು ಮುಗಿಸಿದ್ದರು. ಮಕ್ಕಳ ಶಾಪ ತಟ್ಟುತ್ತದೆ ಎಂದು ನಾನು ಹೇಳಿದ್ದೆ.

ಕಥೆ ನೋಡುವವರಲ್ಲಿ ಅತ್ತೆಯ ಕಣ್ಮಣಿ ‘ಕಿಟಕಿ’. ಮುಂದಿನ ಎರಡು ಹಲ್ಲು ಬಿದ್ದಿರುವ ಆರು ವರ್ಷದ ಹುಡುಗಿ, ಹೆಸರು ಹೇಗೆ ಬಂತೆಂದು ಬೇರೆ ಹೇಳಬೇಕಿಲ್ಲ. ಅವಳಮ್ಮ ಈ ಕಥೆಗಳನ್ನು ನೋಡಿಯೇ ಕೈಮಾತು ಕಲಿತವಳು. ಅಪ್ಪ ಕಲಿತಿಲ್ಲ. ಅವನು ಮನೆ ಸಾಮಾನು ಸಾಗಿಸುವವನು. ಕೈ ಆಡಿಸಿ ಅಭ್ಯಾಸವಾದರೆ ಮಗಳ ಬಾಯಿಗೆ ಮಾತು ಬರುವುದೇ ಇಲ್ಲ ಎಂದು ಯಾರೋ ಅವನ ತಲೆಗೆ ತುಂಬಿದ್ದರು. ಅವಳು ಕೈ ಎತ್ತಿದರೆ ಮುಖ ತಿರುಗಿಸುತ್ತಿದ್ದ. ಕೆಟ್ಟವನಲ್ಲ, ಹೆದರಿದವನು.

ಆ ವಾರ ಕಿಟಕಿಯ ಅಮ್ಮ ವೀಡಿಯೋ ಕಾಲ್ ಮಾಡಿದಳು. ಮುಖ ಅರಳಿತ್ತು.

‘ಮೊನ್ನೆ ಊಟಕ್ಕೆ ಕೂತಾಗ ಇವಳು ಕುದುರೆ ಮೆಟ್ಟಿಲ ಹತ್ತಿರ ನಿಂತಿದ್ದನ್ನ ಮಾಡಿ ತೋರಿಸ್ತಿದ್ದಳು. ಅವರು ಓರೆಗಣ್ಣಲ್ಲಿ ನೋಡಿದ್ರು. ಆಮೇಲೆ ನನ್ನ ಕೇಳಿದ್ರು, ಅಲ್ಲ ಕಣೇ, ಅಷ್ಟು ಭಾರ ಕೆಳಗೆ ಹೇಗೆ ಇಳಿಸ್ತಾರೆ, ಅಂತ. ಶನಿವಾರ ಅವರೂ ನಮ್ಮ ಜೊತೆ ಕೂರ್ತಾರಂತೆ.’

ಅವಳು ಕೈಮಾತು ಶುರುಮಾಡಿದ ಮೂರು ವರ್ಷದಲ್ಲಿ ಆ ಮನುಷ್ಯ ಮಗಳ ಕೈ ನೋಡಿ ಕೇಳಿದ ಮೊದಲನೇ ಪ್ರಶ್ನೆ. ಅತ್ತೆ ನೆಲದ ಮೇಲೆ ನಿಲ್ಲಲಿಲ್ಲ. ಊರಿನ ಹಾಸಿಗೆಗಳನ್ನೆಲ್ಲ ಮೆಟ್ಟಿಲ ಮೇಲೆ ಹಾಸಿ ಕುದುರೆಯನ್ನು ಜಾರಿಸುವ ಭರ್ಜರಿ ಕೊನೆಯ ಕಂತು ಕಟ್ಟಿದರು. ಮಾಮೂಲಿನ ಎರಡರಷ್ಟು ಉದ್ದ. ಗುರುವಾರವೇ ಹಂಚಲು ಇಟ್ಟೆವು.

ಶುಕ್ರವಾರ ಸಂಜೆಯಾದರೂ ಅದು ಹೊಸಿಲು ದಾಟಿರಲಿಲ್ಲ. ಒಂದು ತಿಂಗಳಿಂದ ಹೀಗೇ ಆಮೆಗತಿ, ಆದರೆ ಈ ಸಲ ಕಾಯುವಂತಿರಲಿಲ್ಲ. ಸಂಪರ್ಕ ಅತ್ತೆಯ ಹೆಸರಿನಲ್ಲಿತ್ತು. ಮೊದಲು ನನ್ನ ಗಂಡ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರು.

“ಗ್ರಾಹಕರೇ ಮಾತಾಡಬೇಕು ಸರ್,” ಅಂದಳು ಆ ಕಡೆಯ ಹುಡುಗಿ.

“ಅವರಿಗೆ ಕಿವಿ ಕೇಳಲ್ಲಮ್ಮ. ನಾನು ಅವರ ಮಗ.”

“ಪರವಾಗಿಲ್ಲ ಸರ್, ಅವರಿಗೇ ಕೊಡಿ. ನಾನು ಜೋರಾಗಿ ಮಾತಾಡ್ತೀನಿ.”

ಇವರಿಗೆ ನಿಜಕ್ಕೂ ಹೊಟ್ಟೆನೋವು ಬಂತು. ಫೋನನ್ನು ನನ್ನ ಕೈಗೆ ತುರುಕಿದರು. ನಾನು ಗಂಟಲು ಸರಿಮಾಡಿಕೊಂಡು, ನಾನೇ ಗ್ರಾಹಕಿ ಅಂದೆ. ಏನು ಹೇಳಬೇಕೆಂದು ಅತ್ತೆ ಎದುರಿಗೆ ನಿಂತು ಹೇಳಿಕೊಡುತ್ತಿದ್ದರು.

‘ಇವರ ಕಂಪನಿಗೆ ಬೆಂಕಿ ಬೀಳ,’ ಅಂದರು ಅತ್ತೆ.

“ನಿಮ್ಮ ಸೇವೆ ಬಗ್ಗೆ ಸ್ವಲ್ಪ ಬೇಜಾರಾಗಿದೆ,” ಅಂದೆ ನಾನು.

‘ಬಿಲ್ಲು ಮಾತ್ರ ಓಡಿಕೊಂಡು ಬರುತ್ತೆ, ಇಂಟರ್ನೆಟ್ ಕುಂಟಿಕೊಂಡು ಬರುತ್ತೆ.’

“ವೇಗ ಸ್ವಲ್ಪ ಕಡಿಮೆ ಅನ್ನಿಸ್ತಿದೆ.”

“ಸಿನಿಮಾ ಚೆನ್ನಾಗಿ ಬರುತ್ತಲ್ವಾ ಮೇಡಂ? ವೀಡಿಯೋ ಕಾಲ್?”

“ಅವೆಲ್ಲ ಬರುತ್ತೆ. ಫೈಲ್ ಹಂಚಿಕೊಳ್ಳೋದು ಮಾತ್ರ ಹೋಗ್ತಿಲ್ಲ.”

“ಓ, ಅದಾ! ಆ ತರ ಬಳಕೆ ಕಂಡ್ರೆ ನಾವೇ ವೇಗ ಕಡಿಮೆ ಮಾಡ್ತೀವಿ ಮೇಡಂ. ಎಲ್ಲಾ ಗ್ರಾಹಕರಿಗೂ ಅದೇ ನಿಯಮ,” ಅಂದಳು, ಪಾಪ, ಸತ್ಯವಂತೆ.

ಇದನ್ನು ಅತ್ತೆಗೆ ಹೇಳಿದೆ. ‘ಅಂದ್ರೆ ನಾನು ಏನು ಕಳಿಸ್ತೀನಿ ಅಂತ ಇಣುಕಿ ನೋಡ್ತಾರಾ?’ ಬೀದಿಯಲ್ಲಿ ಹತ್ತು ಜನಕ್ಕೆ ಕಾಣುವ ಹಾಗೆ ಮಾತಾಡಿ ಬದುಕಿದವರಿಗೆ, ಕದ್ದು ನೋಡುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಆಮೇಲೆ ಹಿಡಿದದ್ದು ‘ಗಡ್ಡ’ನನ್ನು. ಅವನು ಗಡ್ಡ ಬೋಳಿಸಿ ವರ್ಷಗಳೇ ಆದವು. ಇನ್ನೊಂದು ಊರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಬಳಗದ ಎಲ್ಲರ ಯಂತ್ರಗಳಿಗೂ ಅವನೇ ವೈದ್ಯ. ಅಕ್ಕನ ಮನೆಗೆ ಹೊರಟು ಅಂಗಡಿಯ ಕಂಪ್ಯೂಟರುಗಳನ್ನೆಲ್ಲ ಆಫ್ ಮಾಡಿ, ಚೀಲ ಹೆಗಲಿಗೇರಿಸಿಕೊಂಡೇ ಫೋನಿನ ಎದುರು ನಿಂತ.

‘ಎನ್‌ಕ್ರಿಪ್ಷನ್ ಹಾಕಿ. ಏನೋ ಹೋಗ್ತಿದೆ ಅಂತ ಅವರಿಗೆ ಗೊತ್ತಾಗುತ್ತೆ, ಆದ್ರೆ ಏನು ಅಂತ ಗುರುತು ಸಿಗಲ್ಲ. ಗುರುತು ಸಿಗದೆ ಇದ್ರೆ ತಡೆಯೋದೂ ಕಷ್ಟ.’

ನಾನು ಇನ್ನಷ್ಟು ಬಿಡಿಸಿ ಹೇಳಲು ಹೊರಟೆ. ಅತ್ತೆ ನನ್ನ ಕೈ ಸರಿಸಿದರು. ಅವರು ಓದಿದ ಶಾಲೆಯಲ್ಲಿ ಕೈಯಲ್ಲಿ ಮಾತಾಡಿದರೆ ಪೆಟ್ಟು ಬೀಳುತ್ತಿತ್ತು. ಹುಡುಗಿಯರು ಡೆಸ್ಕಿನ ಕೆಳಗೆ ಒಬ್ಬರ ಅಂಗೈಯಲ್ಲಿ ಇನ್ನೊಬ್ಬರು ಕೈಯಿಟ್ಟು, ಮುಟ್ಟಿ ಮುಟ್ಟಿಯೇ ಮಾತಾಡುತ್ತಿದ್ದರು. ಮೇಷ್ಟ್ರ ಕಣ್ಣಿಗೆ ಇಬ್ಬರು ಒಳ್ಳೆಯ ಹುಡುಗಿಯರು ಸುಮ್ಮನೆ ಕೂತಂತೆ ಕಾಣುತ್ತಿತ್ತು. ‘ಇಷ್ಟೇ ತಾನೆ?’ ಅಂದರು ಅತ್ತೆ. ಗಡ್ಡ ಬಿದ್ದು ಬಿದ್ದು ನಕ್ಕು, ಇಷ್ಟೇ ಅಂದು, ಬಸ್ಸು ಹಿಡಿಯಲು ಓಡಿದ.

ಕಂಪ್ಯೂಟರ್ ಪರದೆಯ ಮೇಲೆ ಎನ್‌ಕ್ರಿಪ್ಷನ್ನಿಗೆ ಮೂರು ಆಯ್ಕೆಗಳಿದ್ದವು: ಬೇಡ, ಸಾಧ್ಯವಾದರೆ, ಕಡ್ಡಾಯ. ನಮ್ಮತ್ತೆ ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ. ‘ಕಡ್ಡಾಯ’ ಒತ್ತಿ, ಕೈ ಕೊಡವಿ, ಮಲಗಲು ಹೋದರು.

ಬೆಳಗ್ಗೆ ಎದ್ದು ನೋಡಿದರೆ, ತೆವಳುತ್ತಿದ್ದದ್ದೂ ನಿಂತುಹೋಗಿತ್ತು. ಒಂದು ಚೂರೂ ಕದಲಿರಲಿಲ್ಲ. ಕಂಪನಿಯವರು ಸೇಡು ತೀರಿಸಿಕೊಂಡರು ಎಂದು ಅತ್ತೆಯ ತೀರ್ಪು. ‘ಹಿಂದೆ ಇದ್ದ ಹಾಗೇ ಮಾಡೋಣ, ಸ್ವಲ್ಪವಾದ್ರೂ ಹೋಗ್ತಿತ್ತು,’ ಅಂದೆ. ‘ಅವರೆದುರು ಬಾಗಬೇಕಾ? ಇಲ್ಲ,’ ಅಂದರು. ನಾನು ಮತ್ತೆ ಕೈ ಎತ್ತುವಷ್ಟರಲ್ಲಿ ಕಣ್ಣು ಮುಚ್ಚಿದ್ದರು. ಗಡ್ಡನಿಗೆ ಸಂದೇಶ ಕಳಿಸಿದೆ, ಅವನು ನೋಡಲಿಲ್ಲ.

ಸಂಜೆ ಬಂತು. ಕಿಟಕಿಯ ಅಮ್ಮನಿಂದ ಒಂದು ಸಾಲು: ‘ಎಲ್ಲರೂ ಕೂತಿದ್ದೀವಿ, ಇನ್ನೂ ಬಂದಿಲ್ಲ.’ ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು: ‘ಬರಲಿಲ್ಲ. ಪರವಾಗಿಲ್ಲ, ಬೇಜಾರು ಮಾಡ್ಕೋಬೇಡಿ.’ ಅತ್ತೆ ಫೋನನ್ನು ಮಗುಚಿಟ್ಟರು. ‘ಅವನು ಎದ್ದು ಹೋಗಿರ್ತಾನೆ. ಇನ್ನೊಂದು ಸಲ ಕೂರಲ್ಲ,’ ಅಂದರು. ಆವತ್ತು ಅವರ ಮುಖ ನೋಡಲಾಗಲಿಲ್ಲ. ನನಗೂ ಆ ಕಂಪನಿಯ ಮೇಲೆ, ಅತ್ತೆಯ ಹಟದ ಮೇಲೆ, ಕಂಡಿರದ ಆ ಅಪ್ಪನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು; ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಭಾನುವಾರ ಗಡ್ಡ ಅಕ್ಕನ ಮನೆಯಿಂದ ಕಾಲ್ ಮಾಡಿ ಹಣೆ ಬಡಿದುಕೊಂಡ.

‘ಕಡ್ಡಾಯ ಯಾಕೆ ಒತ್ತಿದ್ರಿ? ಹಳೇ ಕಂಪ್ಯೂಟರುಗಳಿಗೆ ಭಾರ ಆಗುತ್ತೆ ಅಂತ ಎಲ್ಲರ ಮನೇಲೂ ಎನ್‌ಕ್ರಿಪ್ಷನ್ನನ್ನ ನಾನೇ ಆಫ್ ಮಾಡಿಟ್ಟಿದ್ದೆ. ನಿಮಗೆ ಹೇಳೋದು ಮರೆತೆ. ಕಂಪನಿಯವರು ಏನೂ ಮಾಡಿಲ್ಲ, ನೀವೇ ನಮ್ಮವರನ್ನೆಲ್ಲ ಆಚೆ ಹಾಕಿದ್ರಿ. ಡೆಸ್ಕಿನ ಕೆಳಗೆ ನೀವೊಬ್ಬರೇ ಕೈ ಚಾಚಿಕೊಂಡು ಕೂತಿದ್ರಿ.’

ಅತ್ತೆ ಕಣ್ಣು ಮುಚ್ಚಿಕೊಂಡರು. ಯಾರೂ ಜಗಳವಾಡದೆ ಇದ್ದಾಗಲೂ ಅವರು ಹಾಗೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಗಡ್ಡ ಎಲ್ಲ ಮನೆಗಳಿಗೂ ಹೇಳಿ ಎನ್‌ಕ್ರಿಪ್ಷನ್ ಹಾಕಿಸಿದ. ನಮ್ಮದನ್ನು ‘ಸಾಧ್ಯವಾದರೆ’ಗೆ ತರಿಸಿದ. ಮಧ್ಯಾಹ್ನದ ಹೊತ್ತಿಗೆ ಚೂರುಗಳು ದಬದಬ ಹೋಗತೊಡಗಿದವು. ಏನೋ ಹೋಗುತ್ತಿದೆ ಎಂದು ಕಂಪನಿಯವರಿಗೆ ಕಂಡಿರಬೇಕು, ಅಷ್ಟೇ. ನಮ್ಮ ಕಂತು ಇನ್ನೂ ಅರ್ಧ ದಾರಿಯಲ್ಲಿದ್ದಾಗ ಆ ಕಡೆಯಿಂದ ಒಂದು ಫೈಲು ನಮ್ಮಲ್ಲಿಗೆ ಬಂದು ಬಿತ್ತು. ಕಿಟಕಿಯ ಮನೆಯದು. ಹೆಸರು, ‘ಕುದುರೆ ಇಳಿಯಿತು’.

ಗೋಡೆಗೆ ಅಪ್ಪನ ಕಡುನೀಲಿ ಕೆಲಸದ ಅಂಗಿ ತೂಗುಹಾಕಿದ್ದರು, ಅದೇ ಪರದೆ. ಅದರ ಮುಂದೆ ಸ್ಟೂಲಿನ ಮೇಲೆ ಕಿಟಕಿ. ಶನಿವಾರ ಸಂಜೆ ಕಂತು ಬಾರದೆ ಎಲ್ಲರೂ ಮುಖ ಮುಖ ನೋಡಿಕೊಳ್ಳುವಾಗ, ನಾನೇ ಹೇಳ್ತೀನಿ ಅಂತ ಎದ್ದು ನಿಂತಳಂತೆ. ಅತ್ತೆಯ ಹಾಗೇ ಕತ್ತು ಕೊಂಕಿಸಿ ಶುರುಮಾಡಿದಳು. ಅವಳ ಕಥೆಯಲ್ಲಿ ಹಾಸಿಗೆ ಗೀಸಿಗೆ ಇಲ್ಲ. ಅಜ್ಜಿ ಸಾಮಾನು ಸಾಗಿಸುವವರನ್ನು ಕರೆಸುತ್ತಾಳೆ. ಅವರು ಕುದುರೆಗೆ ಹಗ್ಗ ಕಟ್ಟುತ್ತಾರೆ, ಎತ್ತುತ್ತಾರೆ, ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಮೆಟ್ಟಿಲು ತಿರುಗುವ ಜಾಗ ಬಂದಾಗ ಅವಳ ಕೈ ನಿಂತುಬಿಟ್ಟಿತು. ಅಷ್ಟು ಉದ್ದದ ಕುದುರೆಯನ್ನು ಅಲ್ಲಿ ತಿರುಗಿಸುವುದು ಹೇಗೆಂದು ಅವಳಿಗೆ ಗೊತ್ತಿಲ್ಲ. ಪಕ್ಕಕ್ಕೆ ತಿರುಗಿ ಯಾರನ್ನೋ ನೋಡಿದಳು.

ಚೌಕಟ್ಟಿನೊಳಗೆ ದೊಡ್ಡ ಮೈಯ ಮನುಷ್ಯನೊಬ್ಬ ಬಂದು ನಿಂತ. ಕಿಟಕಿ ಅವನ ಕೈಗಡಿಯಾರ ತೋರಿಸಿ ಕಣ್ಣು ಬಿಟ್ಟಳು. ಅವನು ತೆಪ್ಪಗೆ ಬಿಚ್ಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಭಾರ ಎತ್ತುವ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡ ಹಾಗೆ ಮಾಡಿ, ಮಂಡಿ ಬಗ್ಗಿಸಿ, ಕುದುರೆಯ ಹಿಂಭಾಗವನ್ನು ಗೋಡೆಯ ಕಡೆ ಎತ್ತಿ ಹಿಡಿದು, ಕೆಳಗಿನ ಮೆಟ್ಟಿಲಲ್ಲಿರುವ ಜೊತೆಗಾರನಿಗೆ ಕೈಯಲ್ಲೇ ಹೇಳಿದ: ನಿಧಾನ, ಇನ್ನೂ ನಿಧಾನ, ನಿಲ್ಲು, ಈಗ ತಿರುಗಿಸು. ದೊಡ್ಡ ಬೀರುವಿನ ಆಚೆ ಇರುವವನಿಗೆ ಕೂಗಿದರೆ ಕೇಳಿಸುವುದಿಲ್ಲವಲ್ಲ. ಇಷ್ಟು ವರ್ಷ ಅವನು ದಿನವೂ ಮೆಟ್ಟಿಲಲ್ಲಿ ಆಡುತ್ತಿದ್ದ ಮಾತು ಅದು. ಅತ್ತೆಗೆ ಒಂದೂ ಬಿಡದೆ ಅರ್ಥವಾಯಿತು. ನನ್ನನ್ನು ಅವರು ಒಂದು ಸಲವೂ ಕೇಳಲಿಲ್ಲ.

ಕುದುರೆ ಬೀದಿಗೆ ಇಳಿಯಿತು. ಕಿಟಕಿ ಅದರ ಮೈ ಸವರಿ, ಮುಗೀತು ಅಂದಳು. ಅಪ್ಪ ಹೋಗಲಿಲ್ಲ. ಬೆವರು ಒರೆಸಿಕೊಂಡು, ಮಗಳು ಮಾಡುವುದನ್ನು ನೋಡಿದ್ದ ನೆನಪಿನಲ್ಲಿ, ಆ ದಪ್ಪ ಬೆರಳುಗಳನ್ನು ಹೇಗೆ ಹೇಗೋ ಮಡಚಿ ಕೇಳಿದ: ‘ಆಮೇಲೆ?’

ನಾನು ಅತ್ತೆಯ ಕಡೆ ತಿರುಗಿದೆ. ಕೆನ್ನೆಯೆಲ್ಲ ಒದ್ದೆ, ಬಾಯಿ ತುಂಬ ನಗು. ನಮ್ಮ ಭರ್ಜರಿ ಕಂತನ್ನು ಹಂಚುವುದು ನಿಲ್ಲಿಸಿ ಅಂದರು. ಅದರ ಜಾಗದಲ್ಲಿ ಕಿಟಕಿಯದನ್ನು ಇಡಿಸಿದರು. ‘ನಾನು ಜಾರಿಸಿದ್ದೆ,’ ಅಂದರು. ‘ಇವರು ಇಳಿಸಿದ್ರು.’

ಆಮೇಲೆ ಅಂಗೈಯನ್ನು ಹೆಗಲಿಗಿಟ್ಟು, ಪಟ್ಟಿ ಎಳೆದ ಹಾಗೆ ಓರೆಯಾಗಿ ಎದೆಯ ಮೇಲಿಂದ ಕೆಳಗೆ ತಂದರು. ನಾನು ಆ ಸನ್ನೆಯನ್ನು ಹಿಂದೆ ನೋಡಿರಲಿಲ್ಲ.

‘ಹಾಗಂದ್ರೆ?’ ಅಂದೆ.

‘ಕಿಟಕಿಯ ಅಪ್ಪ,’ ಅಂದರು ಅತ್ತೆ. ‘ಇನ್ನು ಮೇಲೆ ಪಟ್ಟಿ ಅಂತಲೇ ಅವನ ಹೆಸರು.’