ಬಚ್ಚಲ ಬಾಗಿಲು ಎತ್ತ ತೆರೆಯಬೇಕು?

ಒಂದೂವರೆ ತಿಂಗಳು ನನ್ನ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಅಳತೆಯ ಟೇಪು ಇತ್ತು. ಹೋದಲ್ಲೆಲ್ಲ ಬಾಗಿಲು ಅಳೆದೆ. ಕಣ್ಣು ತೋರಿಸಲು ದವಾಖಾನೆಗೆ ಹೋದವನು, ವೈದ್ಯರು ಬರುವಷ್ಟರಲ್ಲಿ ಅವರ ಕೋಣೆಯ ಬಾಗಿಲಿನ ಅಗಲ ಬರೆದುಕೊಂಡು ಮುಗಿಸಿದ್ದೆ. ಬೀಗರ ಮನೆಗೆ ಊಟಕ್ಕೆ ಹೋದಾಗ ಕೈ ತೊಳೆಯುವ ನೆಪದಲ್ಲಿ ಅವರ ಬಚ್ಚಲ ಹೊಕ್ಕು ಹತ್ತು ನಿಮಿಷ ಹೊರಗೇ ಬರಲಿಲ್ಲ. "ಹೊಟ್ಟಿ ಸರಿ ಇಲ್ಲೇನ್ರಿ?" ಎಂದು ಅವರು ಕೇಳಿದರು. ನಿಜ ಹೇಳುವುದಕ್ಕಿಂತ ಹೊಟ್ಟೆ ಕೆಟ್ಟಿದೆ ಎನ್ನುವುದರಲ್ಲೇ ಹೆಚ್ಚು ಮರ್ಯಾದೆ ಉಳಿಯುತ್ತದೆ ಎನಿಸಿ ಹೌದೆಂದೆ. ಅಂದು ನನಗೆ ಹೋಳಿಗೆ ಸಿಗಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ ಒಂದು ಬಾಗಿಲು. ನಮ್ಮ ಸಣ್ಣ ಬಚ್ಚಲದಲ್ಲಿ ಶವರಿನ ಜಾಗವನ್ನು ಬೇರೆ ಮಾಡುವ, ಗೋಡೆಯ ಕೀಲಿನ ಮೇಲೆ ತಿರುಗುವ ಒಂದು ಗಾಜಿನ ಬಾಗಿಲು.

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಸಾಧಾರಣ ಮನೆ. ಬಚ್ಚಲ ಏಳು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಅಷ್ಟರಲ್ಲೇ ಕಮೋಡು, ಬೇಸಿನ್ನು, ಕೊನೆಯಲ್ಲಿ ಶವರು. ನಡುವೆ ಒಂದು ಪ್ಲಾಸ್ಟಿಕ್ ಪರದೆ ಇತ್ತು. ನೀರನ್ನು ತಡೆಯುವುದು ಅದರ ಕೆಲಸ. ಆದರೆ ನೀರು ಅದರ ಕೆಳಗಿನಿಂದ ಹಾಯಾಗಿ ಹೊರಬರುತ್ತಿತ್ತು, ಪರದೆ ಮಾತ್ರ ಮೀಯುವವರ ಮೈಗೆ ಅಂಟಿಕೊಳ್ಳುತ್ತಿತ್ತು.

ಆ ಪರದೆ ಈಗಿಲ್ಲ. ಅದು ಯಾಕಿಲ್ಲ ಎಂಬುದನ್ನು ವರದಿಯ ಧಾಟಿಯಲ್ಲೇ ಹೇಳುತ್ತೇನೆ. ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವನಿಗೆ ಬೇರೆ ಧಾಟಿ ಬರುವುದಿಲ್ಲ.

ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ನನ್ನ ಅಕ್ಕ ಗಿರಿಜಕ್ಕ ಶವರು ನಿಲ್ಲಿಸದೆಯೇ ಟವೆಲಿಗೆಂದು ಪರದೆ ಸರಿಸಿ ಹೊರಗೆ ಕಾಲಿಟ್ಟಳು. ಒದ್ದೆ ನೆಲದಲ್ಲಿ ಜಾರಿದಳು. ಆಸರೆಗೆ ಪರದೆ ಹಿಡಿದಳು. ಪರದೆ ಕೊಳವೆ ಸಮೇತ ಕಿತ್ತು ಅವಳ ಮೇಲೆ ಬಿತ್ತು. ಅವಳು ಬಚ್ಚಲದ ಹೊರಬಾಗಿಲಿಗೆ ಒರಗಿ ಬಿದ್ದಿದ್ದಳು, ಆ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಹೊರಗೆ ನಿಂತ ನಾನು ತಳ್ಳಿದರೆ ಅವಳನ್ನೇ ತಳ್ಳಿದಂತೆ. ಶವರು ಸುರಿಯುತ್ತಲೇ ಇತ್ತು. "ಸ್ವಲ್ಪ ಸರೀತಿಯೇನಕ್ಕಾ" ಎಂದು ನಾನು, "ಸರಿಯಾಕತ್ತೇನಿ ತಡಿ" ಎಂದು ಅವಳು. ಒಂದು ಗೇಣು ಜಾಗ ಬಿಡುಗಡೆಯಾಗಲು ಹತ್ತು ನಿಮಿಷ ಬೇಕಾಯಿತು. ಎಡ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು. ಬೇರೆ ಗಾಯವಿಲ್ಲ.

ಇಷ್ಟು ಸುದ್ದಿ. ಇಂಥ ಸುದ್ದಿಯನ್ನು ನಾನು ಡೆಸ್ಕಿನಲ್ಲಿ ನಾಲ್ಕು ಸಾಲಿಗೆ ಇಳಿಸಿ ಒಳಪುಟಕ್ಕೆ ಕಳಿಸುತ್ತಿದ್ದೆ.

ಗಿರಿಜಕ್ಕ ಇಳಕಲ್ಲಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು. ಮದುವೆಯಾಗಲಿಲ್ಲ. ನನಗೆ ಅಕ್ಷರ ಕಲಿಸಿದವಳು, ಕಿವಿ ಹಿಂಡಿದವಳು ಅವಳೇ. ಎರಡು ವರ್ಷದ ಹಿಂದೆ ನಾನೂ ನನ್ನ ಹೆಂಡತಿ ಶಾರದೆಯೂ ಹಟ ಹಿಡಿದು ಅವಳನ್ನು ನಮ್ಮಲ್ಲಿಗೆ ಕರೆತಂದೆವು. ಸ್ನಾನವಾಗದೆ ಅವಳ ಲಿಂಗಪೂಜೆ ಇಲ್ಲ, ಪೂಜೆಯಾಗದೆ ಬಾಯಿಗೆ ಹನಿ ಚಹಾ ಇಲ್ಲ. ಬಿದ್ದ ಮೇಲೆ ಶಾರದೆ ಬಚ್ಚಲದ ಬಾಗಿಲಲ್ಲಿ ನಿಂತಿದ್ದರೆ ಮಾತ್ರ ಸ್ನಾನ. ಶಾರದೆ ಎಂಟಕ್ಕೆಲ್ಲ ಕಾಲೇಜಿಗೆ ಪಾಠ ಮಾಡಲು ಹೊರಡುವವಳು. ಒಂದು ದಿನ ತಡವಾಗಿ ಎದ್ದು ಗಡಿಬಿಡಿಯಲ್ಲಿ ಹೊರಟುಬಿಟ್ಟಳು. ಮಧ್ಯಾಹ್ನ ಮೂರಕ್ಕೆ ಬಂದು ನೋಡಿದರೆ ಅಕ್ಕ ಸ್ನಾನವಿಲ್ಲದೆ, ಚಹಾ ಇಲ್ಲದೆ, ಊಟವಿಲ್ಲದೆ ಹಾಗೇ ಕೂತಿದ್ದಳು. ಅದೇ ಸಂಜೆ ತನ್ನ ಚೀಲ ತುಂಬಿದಳು.

"ಇಳಕಲ್ಲಿಗೆ ಹೋಗ್ತೇನಿ. ನನ್ನ ಸಲುವಾಗಿ ಆಕಿ ಕೆಲಸಾ ಬಿಟ್ಟು ಕಾಯಬೇಕೇನು? ಮೈ ತೊಳಕೊಳ್ಳಾಕ ಧೈರ್ಯಾ ಇಲ್ಲದ ಮನ್ಯಾಗ ನಾ ಹ್ಯಾಂಗ ಇರ್ಲಿ ತಮ್ಮಾ?"

"ಬಚ್ಚಲಾ ರಿಪೇರಿ ಮಾಡಸ್ತೇನಿ. ದಸರಾ ತನಕ ತಡಿ" ಎಂದೆ.

"ದಸರಾ ತನಕ" ಎಂದಳು. ಚೀಲದ ಗಂಟು ಮಾತ್ರ ಬಿಚ್ಚಲಿಲ್ಲ. ಅದು ಅವಳ ಮಂಚದ ಕೆಳಗೆ ಕೂತು ನನ್ನನ್ನು ನೋಡತೊಡಗಿತು.

ಹೊರಬಾಗಿಲಿನ ಕೆಲಸ ಸುಲಭವಾಯಿತು. ಬಡಿಗರು ಬಂದು ಒಂದು ತಾಸಿನಲ್ಲಿ ಅದನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ ಹೋದರು. ಉಳಿದದ್ದು ಶವರಿನ ಗಾಜಿನ ಬಾಗಿಲು. ನೆಲ ಒಣಗಿರಬೇಕಾದರೆ ಅದು ಬೇಕು. ಅದು ಎತ್ತ ತೆರೆಯಬೇಕು? ಒಳಕ್ಕೆ ತೆರೆದರೆ ಮಂಗಳವಾರದ ಕತೆಯೇ ಮತ್ತೆ. ಹೊರಕ್ಕೆ ತೆರೆದರೆ ಕದದ ಮೇಲಿನ ನೀರು ನಾವು ಒಣಗಿಸಲು ಹೊರಟ ನೆಲದ ಮೇಲೇ ಇಳಿಯುತ್ತದೆ, ಜೊತೆಗೆ ಕಮೋಡು ಅಡ್ಡ. ನಿಂತಲ್ಲಿ ನಿಲ್ಲಲಾಗದೆ ನಾನು ಟೇಪು ಕೊಂಡದ್ದು ಆಗಲೇ.

ಗಾಜಿನ ಅಂಗಡಿಯ ಮೈಬೂಬ ಸಮಾಧಾನದ ಮನುಷ್ಯ. ಮೊದಲ ದಿನವೇ ಎಚ್ಚರಿಸಿದ: "ಗಾಜ ಹುಬ್ಬಳ್ಳ್ಯಾಗ ಕಾಸಿ ಬರ್ತೈತ್ರಿ ಸರ್. ಒಮ್ಮಿ ಕಾಸಿದ ಮ್ಯಾಲ ಕೊರ್ಯಾಕ ಬರಂಗಿಲ್ಲ, ತೂತ ಹೊಡ್ಯಾಕ ಬರಂಗಿಲ್ಲ. ಅಳತಿ ಪಕ್ಕಾ ಬೇಕು. ಬಿಜಾಗರಿ ಯಾವ ಗ್ವಾಡಿಗೆ ಕೂಡಸೂದು ಹೇಳ್ರಿ."

ಬಿಜಾಗರಿ ಎಂದರೆ ನಮ್ಮ ಕಡೆ ಬಾಗಿಲಿನ ಕೀಲು. ಅಚ್ಚಾದ ಮೇಲೆ ತಿದ್ದಲಾಗದ ವಸ್ತುಗಳ ನಡುವೆ ಬದುಕಿದ ನನಗೆ ಈ ಗಾಜಿನ ಮೇಲೆ ತಟ್ಟನೆ ಗೌರವ ಹುಟ್ಟಿತು. "ಒಳಗ ತೆರೀಬೇಕೋ ಹೊರಗೋ ಅನ್ನೂದು ಮೊದಲ ನಿರ್ಧಾರ ಆಗಲಿ, ಆಮ್ಯಾಲ ಗ್ವಾಡಿ" ಎಂದೆ. ಮೈಬೂಬ ಏನೋ ಹೇಳಲು ಬಾಯಿ ತೆರೆದ. ನಾನು ಬರೆಯುತ್ತಿದ್ದೆ, ಕೈ ಎತ್ತಿ ತಡೆದೆ.

ಮನೆಗೆ ಬಂದು ಅಳೆದೆ. ಒಂದು ಸುದ್ದಿಯನ್ನು ಮೂರು ಮೂಲಗಳಿಂದ ಖಚಿತಪಡಿಸಿಕೊಳ್ಳಬೇಕು ಎಂದು ಹೊಸಬರಿಗೆ ಹೇಳುತ್ತಿದ್ದವನು ನಾನು. ಗೋಡೆಯಿಂದ ಗೋಡೆಗೆ ಮೇಲೆ, ನಡುವೆ, ಕೆಳಗೆ ಎಂದು ಮೂರು ಕಡೆ ಅಳೆದೆ. ಮೂರು ಮೂಲಗಳೂ ಮೂರು ಬೇರೆ ಸುದ್ದಿ ಕೊಟ್ಟವು. ಇಪ್ಪತ್ತು ವರ್ಷದಿಂದ ನೆಟ್ಟಗಿವೆ ಎಂದು ನಾನು ನಂಬಿದ್ದ ಗೋಡೆಗಳು ಒಂದಕ್ಕೊಂದು ಮುಖ ಕೊಡದೆ ನಿಂತಿದ್ದವು.

ಅನುಭವಸ್ಥರನ್ನು ಕೇಳೋಣವೆಂದು ಕಮತಗಿಯ ಗೆಳೆಯನ ಹೊಸ ಮನೆಗೆ ಹೋದೆ. ಅವನಲ್ಲಿ ಎಂಥ ಗಾಜಿನ ಬಾಗಿಲು! ನಮ್ಮ ಬೋರಿನ ನೀರಿಗೆ ಗಾಜಿನ ಲೋಟ ಕೂಡ ತಿಂಗಳಲ್ಲಿ ಬೆಳ್ಳಗಾಗುತ್ತದೆ, ಅವನ ಬಾಗಿಲಿನ ಮೇಲೆ ಒಂದು ಕಲೆಯೂ ಇಲ್ಲ. ಬೆರಗಾಗಿ ಬರೆದುಕೊಂಡೆ. ಬಾಗಿಲು ತೆರೆದು ನೋಡಿದರೆ ಒಳಗೆ ಮೂರು ಕಸಬರಿಗೆ, ಒಂದು ಏಣಿ, ಎರಡು ಚೀಲ ಜೋಳ. "ಇದರಾಗ ಜಳಕಾ ಮಾಡಿದ್ರ ಗಾಜ ಹೊಲಸಾಕ್ಕೈತಿ ಅಂತಾಳ ನಮ್ಮಾಕಿ" ಎಂದ ಗೆಳೆಯ. ಅವನ ಇಡೀ ಮನೆ ಹಿತ್ತಲಲ್ಲಿ ಮೀಯುತ್ತದೆ. ಬರೆದುಕೊಂಡದ್ದನ್ನು ಹೊಡೆದು ಹಾಕಿದೆ.

ಆ ಭಾನುವಾರ ನೆಂಟರೊಬ್ಬರ ಕಾರ್ಯಕ್ಕೆ ಮಹಾಕೂಟದ ಗುಡಿಗೆ ಹೋದರೂ ಚಿತ್ತ ಅಲ್ಲಿರಲಿಲ್ಲ. ಎಲ್ಲರೂ ದೇವರನ್ನು ನೋಡುವಾಗ ನಾನು ಹೊಸ್ತಿಲು ನೋಡಿದೆ. ಬಾದಾಮಿಯ ಸುತ್ತ ಹಳೆಯ ಕಲ್ಲುಕಟ್ಟಡಗಳಲ್ಲಿ ಬಾಗಿಲಿನ ಚೌಕಟ್ಟಿನ ಮೂಲೆಯಲ್ಲಿ ಕೆಲವೆಡೆ ದುಂಡನೆಯ ಕುಳಿ ಕಾಣಿಸುತ್ತದೆ. ಮರದ ಕದದ ಮೊಳೆಯಂಥ ತುದಿ ಅದರಲ್ಲಿ ಕೂತು ತಿರುಗುತ್ತಿತ್ತು. ಕದ ಯಾವಾಗಲೋ ಮಣ್ಣಾಗಿದೆ, ಕುಳಿ ಉಳಿದಿದೆ. ಕುಳಿಗೆ ಬೆರಳಿಟ್ಟು, ಇದು ಒಳಕ್ಕೆ ತಿರುಗುತ್ತಿತ್ತೋ ಹೊರಕ್ಕೋ ಎಂದು ಯೋಚಿಸುತ್ತಿದ್ದಾಗ ಹಿಂದಿನಿಂದ ಒಬ್ಬ ಅಜ್ಜಿ, "ಮುಂದ ಸರೀರಿ ಯಪ್ಪಾ, ದೇವರು ಒಳಗದಾನ" ಎಂದಳು. ಹೊರಗೆ ಬಂದು ಪುಷ್ಕರಣಿಯ ಕಟ್ಟೆಯ ಮೇಲೆ ಕೂತೆ. ನೂರು ಜನ ಮೀಯುತ್ತಿದ್ದರು. ಬಾಗಿಲಿಲ್ಲ, ಪರದೆಯಿಲ್ಲ. ಒಬ್ಬಾಕೆ ಮೆಟ್ಟಿಲ ಮೇಲೆ ತುಸು ಜಾರಿದಳು. ಅವಳು ಕೂಗುವ ಮೊದಲೇ ನಾಲ್ಕು ಕೈ ಅವಳನ್ನು ಹಿಡಿದಿದ್ದವು.

ನಮ್ಮ ಹಳೆಯ ಮನೆ ನೆನಪಾಯಿತು. ಅದು ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿರುವ ಹಳೆಯ ಊರಿನ ಓಣಿಯಲ್ಲಿತ್ತು. ಅಡಿಗೆಮನೆಗೆ ಹೊಂದಿಕೊಂಡ ಬಚ್ಚಲಕ್ಕೆ ಇಳಕಲ್ಲಿನ ಕೆಂಪು ಕಲ್ಲಿನ ಹಾಸು, ಮೂಲೆಯಲ್ಲಿ ನೀರು ಕಾಯುವ ಹಂಡೆ, ಬಾಗಿಲ ಜಾಗದಲ್ಲಿ ಅವ್ವನ ಹಳೆಯ ಸೀರೆ. ಹೊರಗಿನವರು ಕೆಮ್ಮಬೇಕು, ಒಳಗಿನವರು ಸದ್ದು ಮಾಡುತ್ತಿರಬೇಕು, ಇಷ್ಟೇ ಕಾಯದೆ. ಅವ್ವ ರೊಟ್ಟಿ ಬಡಿಯುತ್ತಲೇ ತಂಬಿಗೆಯ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದಳು. ಸದ್ದು ನಿಂತರೆ ರೊಟ್ಟಿ ಬಡಿಯುವುದೂ ನಿಲ್ಲುತ್ತಿತ್ತು. "ಏನ್ ಮಾಡಾಕತ್ತೀ ಒಳಗ?" ಶವರಿಗೆ ಈ ಗುಣವಿಲ್ಲ. ನಿಂತವರ ಮೇಲೂ ಬಿದ್ದವರ ಮೇಲೂ ಅದು ಒಂದೇ ಸಮನೆ ಸುರಿಯುತ್ತದೆ. ಆ ಮಂಗಳವಾರ ನಾನು ಪಕ್ಕದ ಕೋಣೆಯಲ್ಲಿ ನೀರಿನ ಸದ್ದು ಕೇಳುತ್ತ, ಅಕ್ಕ ಮೀಯುತ್ತಿದ್ದಾಳೆ ಎಂದುಕೊಂಡು ಪತ್ರಿಕೆಯ ಎರಡನೆಯ ಪುಟಕ್ಕೆ ತಿರುಗಿದ್ದೆ. ಎಷ್ಟು ಹೊತ್ತು ಹಾಗೆ ಓದಿದೆನೋ ಗೊತ್ತಿಲ್ಲ. ನನ್ನ ವರದಿಯಲ್ಲಿ ಈ ಒಂದು ಸಾಲನ್ನು ಬಿಟ್ಟಿದ್ದೆ.

ದಸರೆಗೆ ಹತ್ತು ದಿನ ಉಳಿದಾಗ ಬಾಗಿಲನ್ನು ಕಾಗದದಲ್ಲಿ ಮಾಡಿ ನೋಡಲು ನಿರ್ಧರಿಸಿದೆ. ಹಳೆಯ ಪತ್ರಿಕೆಗಳನ್ನು ಪದರ ಪದರವಾಗಿ ಅಂಟಿಸಿ, ಬಿದಿರು ಕಟ್ಟಿ, ಇಪ್ಪತ್ತೇಳು ಅಂಗುಲ ಅಗಲದ ಕದ (ಉಳಿದರ್ಧಕ್ಕೆ ತೆರೆಯದ ಗಾಜು ಬರುವುದಿತ್ತು) ತಯಾರಿಸಿ ದಾರದಿಂದ ಗೋಡೆಯ ಕೊಕ್ಕೆಗೆ ಬಿಗಿದೆ. ಅಕ್ಕನನ್ನು ಸೀರೆ ಉಟ್ಟಂತೆಯೇ ಒಳಗೆ ಸ್ಟೂಲಿನ ಮೇಲೆ ಕೂರಿಸಿದೆ.

"ಒಳಗ ತಳ್ಳೇನೇನು?"

"ತಳ್ಳು. ಮೊಣಕಾಲಿಗೆ ಬಡೀತು."

"ಹೊರಗ ಎಳೀಲಿ?"

"ಎಳಿ. ಅಲ್ಲೋ ತಮ್ಮಾ, ಇದರಾಗ ಈರುಳ್ಳಿ ರೇಟು ಭಾಳ ಕಡಿಮಿ ಐತೆಲ್ಲ? ಯಾವ ಕಾಲದ್ದು ಈ ಪೇಪರು?"

ಹೊರಕ್ಕೆ ಎಳೆದರೆ ಕಾಗದದ ಕದ ಮುಕ್ಕಾಲು ದಾರಿಯಲ್ಲಿ ಕಮೋಡಿಗೆ ತಾಗಿ ನಿಂತಿತು. ಆದರೆ ಆ ಸಂದಿಯಲ್ಲಿ ಒಬ್ಬ ಮನುಷ್ಯ ಒಳಗೆ ಹೋಗಬಹುದಿತ್ತು. ನಾನೇ ಹೋಗಿ ನೋಡಿದೆ. ಶಾರದೆ ಬಾಗಿಲಲ್ಲಿ ನಿಂತು, ಒದ್ದೆಯಾದ ಸಂಪಾದಕೀಯ ಪುಟದಿಂದ ಅಕ್ಕನ ತೋಳಿಗೆ ಹತ್ತಿದ ಶಾಯಿಯನ್ನೂ ನನ್ನ ಮುಖವನ್ನೂ ನೋಡಿ, "ನಿಮ್ಮ ಪೇಪರಿನ್ಯಾವರು ನೋಡಿದ್ರ ಪಿಂಚಣಿ ಬಂದ್ ಮಾಡ್ತಾರ" ಎಂದಳು.

ಮಾರನೆಯ ದಿನ ಮೈಬೂಬ ಕೊನೆಯ ಅಳತೆಗೆ ಬಂದ. ನಾನು ಹನ್ನೊಂದು ಪುಟದ ಟಿಪ್ಪಣಿ ಹಿಡಿದು, ಒಳಕ್ಕೆ ತೆರೆದರೆ ಏನು, ಹೊರಕ್ಕೆ ತೆರೆದರೆ ಏನು ಎಂದು ವಿವರಿಸತೊಡಗಿದೆ. ನಾಲ್ಕನೆಯ ಪುಟದಲ್ಲಿದ್ದಾಗ ಗಿರಿಜಕ್ಕ ಕೇಳಿದಳು:

"ಮೈಬೂಬಾ, ಎರಡೂ ಕಡೆ ತೆರಿಯೂ ಬಿಜಾಗರಿ ಸಿಗಂಗಿಲ್ಲೇನಪಾ?"

"ಸಿಗ್ತಾವ್ರೀ ಅಕ್ಕಾರ. ನಮ್ಮ ಅಂಗಡ್ಯಾಗ ಗಾಜಿಗೆ ಹಾಕೂವು ಎಲ್ಲಾ ಅವ. ಒಳಗೂ ತೆರೀತಾವು, ಹೊರಗೂ ತೆರೀತಾವು."

ನಾನು ಹನ್ನೊಂದು ಪುಟಗಳನ್ನೂ ಮಡಚಿದೆ.

"ಮೊದಲ ಯಾಕ ಹೇಳಲಿಲ್ಲ?" ಎಂದೆ.

"ನೀವ ಕೇಳಲಿಲ್ರೀ ಸರ್" ಎಂದ ಮೈಬೂಬ, ಬಹಳ ಮರ್ಯಾದೆಯಿಂದ. "ನಾ ಬಾಯಿ ತೆಗದಾಗೆಲ್ಲ ಕೈ ಎತ್ತತಿದ್ರಿ. ಏನೋ ದೊಡ್ಡದು ಬರಿಯಾಕತ್ತಾರ ಅಂತ ಸುಮ್ಮನಾದ್ನಿ."

ಎದುರಿನವರನ್ನು ಮಾತಾಡಲು ಬಿಡಿ ಎಂದು ಎಷ್ಟು ಜನ ಎಳೆಯ ವರದಿಗಾರರಿಗೆ ಉಪದೇಶ ಮಾಡಿದ್ದೆನೋ! ಅಕ್ಕನೇ ಮುಂದುವರಿಸಿದಳು: "ದಿನಾ ನಾ ಎದ್ದ ನಿಂತು ಒಳಗ ತೆರೀತೇನಿ, ನೀರು ಒಳಗ ಇಳೀತೈತಿ. ಬಿದ್ದ ದಿನಾ ನೀ ಹೊರಗ ಎಳಿ. ಇದಕ್ಕ ಒಂದೂವರಿ ತಿಂಗಳಾ?" ಆಮೇಲೆ ಮೈಬೂಬನ ಕಡೆ ತಿರುಗಿ ಮೆಲ್ಲಗೆ, "ಚಿಲಕಾ ಇರ್ತೈತೇನು?" ಎಂದಳು.

"ಇಲ್ರೀ. ಬರೇ ಮುಚ್ಚಿಕೊಳ್ತೈತಿ."

"ಚಲೋ ಆತು" ಎಂದಳು. ಬಿದ್ದಾಗಿನಿಂದ ಅವಳನ್ನು ಕಾಡುತ್ತಿದ್ದದ್ದು ಜಾರುವ ನೆಲಕ್ಕಿಂತ ತೆರೆಯದ ಬಾಗಿಲು ಎಂದು ಆಗ ನನಗೆ ತಿಳಿಯಿತು. ಅದು ನನ್ನನ್ನೂ ಕಾಡುತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ.

ದಸರೆಗೆ ಎರಡು ದಿನ ಮೊದಲು ಬಾಗಿಲು ಬಂತು. ಶಾರದೆ ಕಾಲೇಜಿಗೆ ಹೋದ ಮೇಲೆ ಅಕ್ಕ ಟವೆಲು ತೆಗೆದುಕೊಂಡು ಎದ್ದಳು. ಶವರು ಬೇಡವೆಂದು ಬಕೀಟು, ತಂಬಿಗೆ, ಸ್ಟೂಲು ಒಳಗಿಟ್ಟುಕೊಂಡಳು. ನಾನು ಹೊರಬಾಗಿಲಿನ ಆಚೆ ಕುರ್ಚಿ ಹಾಕಿಕೊಂಡು ಪತ್ರಿಕೆ ಬಿಚ್ಚಿದೆ.

ಒಂದು ತಂಬಿಗೆ ನೀರು. ಮತ್ತೊಂದು. ನಾನು ಒಂದೇ ಸಾಲನ್ನು ಮೂರು ಸಲ ಓದಿದೆ. ಮತ್ತೊಂದು ತಂಬಿಗೆ. ಆಮೇಲೆ ಸದ್ದಿಲ್ಲ. ಕಾದೆ. ಇನ್ನೂ ಇಲ್ಲ. ಎದ್ದು ಬಾಗಿಲಿಗೆ ಕೈ ಹಾಕಿದೆ.

"ಎದ್ದಿ ಹೌದಿಲ್ಲೋ?" ಒಳಗಿನಿಂದ ಗಿರಿಜಕ್ಕನ ದನಿ ಬಂತು. "ಕುರ್ಚಿ ಸಪ್ಪಳಾ ಕೇಳಿಸ್ತು. ಬೆನ್ನ ತಿಕ್ಕೊಳ್ಳಾಕತ್ತೇನಿ. ಕೂಡು."

ಕೂತೆ.

"ಪೇಪರು ಜೋರಾಗಿ ಓದು. ನೀ ಸುಮ್ಮ ಕುಂತ್ರ, ನೀ ಆರಾಮ ಅದಿ ಅಂತ ಒಳಗಿನವರಿಗೆ ಹ್ಯಾಂಗ ಗೊತ್ತಾಗಬೇಕು?"

ಜೇಬಿನ ಟೇಪನ್ನು ತೆಗೆದು ಕುರ್ಚಿಯ ಕೆಳಗಿಟ್ಟು, ಮೊದಲ ಪುಟದಿಂದ ಜೋರಾಗಿ ಓದತೊಡಗಿದೆ. ಈರುಳ್ಳಿಯ ದರದ ಸುದ್ದಿಗೆ ಬರುವ ಹೊತ್ತಿಗೆ ತಂಬಿಗೆ ಮತ್ತೆ ಮಾತಾಡಿತು.